ಡಸ್ಟಿ ಬೇಕರ್ ಅವರ ದೀರ್ಘ ಇನ್ನಿಂಗ್ಸ್

ಕೇಳುಗರಿಗೆ ನಮಸ್ಕಾರ.

ಕ್ರಿಕೆಟ್‌ನಲ್ಲಿ ಬೌಲರ್‌ನನ್ನು ಬದಲಿಸುವುದು ಕ್ಯಾಪ್ಟನ್. ಅಮೆರಿಕದ ಬೇಸ್‌ಬಾಲ್‌ನಲ್ಲಿ ಆ ಕೆಲಸ ಮ್ಯಾನೇಜರ್‌ನದು. ವಯಸ್ಸು ಎಪ್ಪತ್ತಾದರೂ ಆಟಗಾರರಂತೆಯೇ ತಂಡದ ಜೆರ್ಸಿ ತೊಟ್ಟು ಮೈದಾನದ ನಡುವಿಗೆ ನಡೆದು ಹೋಗಿ, ಪಿಚರ್, ಅಂದರೆ ಚೆಂಡು ಎಸೆಯುವವನ, ಕೈಯಿಂದ ಚೆಂಡು ಇಸಿದುಕೊಳ್ಳಬೇಕು. ಡಸ್ಟಿ ಬೇಕರ್ 26 ಸೀಸನ್ ಈ ಕೆಲಸ ಮಾಡಿದರು.

ಅದಕ್ಕೂ ಮೊದಲು ಅವರು 19 ಸೀಸನ್ ಆಡಿದವರು. 1974ರಲ್ಲಿ ಹ್ಯಾಂಕ್ ಆರನ್, ನಮ್ಮ ಸಿಕ್ಸರ್‌ನಂಥ ಹೊಡೆತವಾದ ಹೋಮ್ ರನ್ ಅನ್ನು 715ನೇ ಸಲ ಬಾರಿಸಿ ಬೇಬ್ ರೂತ್ ದಾಖಲೆ ಮುರಿದಾಗ, ಮುಂದಿನ ಸರದಿಗೆ ಬ್ಯಾಟ್ ಹಿಡಿದು ಕಾಯುತ್ತಿದ್ದವರು ಇವರೇ. 1981ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಜೊತೆ ವರ್ಲ್ಡ್ ಸೀರೀಸ್, ಅಂದರೆ ಮೊದಲು ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್ ಆಗುವ ಅಂತಿಮ ಸರಣಿ, ಗೆದ್ದರು.

ಮ್ಯಾನೇಜರ್ ಆದ ಮೇಲೆ ಆ ಗೆಲುವು ಸುಲಭಕ್ಕೆ ಒಲಿಯಲಿಲ್ಲ. 2002ರ ವರ್ಲ್ಡ್ ಸೀರೀಸ್. ಅವರ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಇನ್ನೊಂದು ಪಂದ್ಯ ಗೆದ್ದರೆ ಸಾಕಿತ್ತು. ಆರನೇ ಪಂದ್ಯದಲ್ಲಿ 5-0 ಮುನ್ನಡೆ. ಒಂಬತ್ತು ಇನ್ನಿಂಗ್ಸ್‌ಗಳ ಆಟದ ಏಳನೇ ಇನ್ನಿಂಗ್ಸ್‌ನಲ್ಲಿ ಬೇಕರ್ ಪಿಚರ್ ರಸ್ ಆರ್ಟಿಜ್ ಅವರನ್ನು ವಾಪಸ್ ಕರೆಸಿ, ನೆನಪಿಗೆ ಇರಲಿ ಎಂಬಂತೆ ಚೆಂಡನ್ನು ಅವರ ಕೈಯಲ್ಲೇ ಇಟ್ಟು ಕಳಿಸಿದರು. ಸ್ವಲ್ಪ ಹೊತ್ತಿಗೆ ಎದುರಾಳಿ ತಂಡದ ಸ್ಕಾಟ್ ಸ್ಪೀಜಿಯೊ ಮೂರು ರನ್‌ಗಳ ಹೋಮ್ ರನ್ ಹೊಡೆದರು. ಪಂದ್ಯ 6-5ರಲ್ಲಿ ಹೋಯಿತು, ಮರುದಿನ ಸರಣಿಯೂ ಹೋಯಿತು. ಚೆಂಡು ಕೊಟ್ಟಿದ್ದಕ್ಕೆ ಸೋತರು ಎನ್ನುವವರು ಇಂದಿಗೂ ಇದ್ದಾರೆ. ನನಗಂತೂ ಅದು ಸೋತವರ ತಲೆಗೆ ಕಟ್ಟುವ ಮಾತು ಅನ್ನಿಸುತ್ತದೆ; ಆ ಹೋಮ್ ರನ್ ಹೊಡೆಸಿಕೊಂಡದ್ದು ಆರ್ಟಿಜ್ ಅಲ್ಲ, ಅವರ ಬದಲಿಗೆ ಬಂದವರು.

ಮರುವರ್ಷ ಶಿಕಾಗೊ ಕಬ್ಸ್, ಆಮೇಲೆ ಸಿನ್ಸಿನಾಟಿ, ವಾಷಿಂಗ್ಟನ್. 2017ರಲ್ಲಿ 97 ಪಂದ್ಯ ಗೆಲ್ಲಿಸಿಕೊಟ್ಟರೂ ವಾಷಿಂಗ್ಟನ್ ತಂಡ ಕರಾರು ಮುಂದುವರಿಸಲಿಲ್ಲ.

2020ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಹೆಸರು ಕೆಟ್ಟು ಕೂತಿತ್ತು. ಮುಂದಿನ ಎಸೆತ ಯಾವುದೆಂದು ಎದುರಾಳಿಗಳು ಮಾಡುವ ಸನ್ನೆಗಳನ್ನು ಕ್ಯಾಮೆರಾದಲ್ಲಿ ಕದ್ದು, ಕಸದ ಡಬ್ಬ ಬಡಿದು ತಮ್ಮ ಬ್ಯಾಟರ್‌ಗೆ ಸುಳಿವು ಕೊಡುತ್ತಿದ್ದುದು ಬಯಲಾಗಿ, ಮ್ಯಾನೇಜರ್ ಕೆಲಸ ಕಳೆದುಕೊಂಡಿದ್ದರು. ಆ ಖಾಲಿ ಕುರ್ಚಿಗೆ ಕರೆದದ್ದು 70 ವರ್ಷದ ಬೇಕರ್ ಅವರನ್ನು. 2022ರ ನವೆಂಬರ್ 5ರಂದು ಫಿಲಡೆಲ್ಫಿಯ ವಿರುದ್ಧ ಆರನೇ ಪಂದ್ಯ 4-1ರಲ್ಲಿ ಗೆದ್ದು ಆಸ್ಟ್ರೋಸ್ ಚಾಂಪಿಯನ್ ಆಯಿತು. ಆಗ ಬೇಕರ್ ಅವರಿಗೆ 73. ವರ್ಲ್ಡ್ ಸೀರೀಸ್ ಗೆದ್ದ ಅತಿ ಹಿರಿಯ ಮ್ಯಾನೇಜರ್ ಅವರೇ.

2023ರಲ್ಲಿ, 2,183 ಗೆಲುವುಗಳೊಂದಿಗೆ, ನಿವೃತ್ತರಾದರು. ಇನ್ನೊಂದು ಸಂಗತಿ: 2002ರ ಅದೇ ಸರಣಿಯಲ್ಲಿ ತಂಡದ ಬ್ಯಾಟ್ ಬಾಯ್ ಆಗಿ, ಬ್ಯಾಟ್ ಎತ್ತಿಕೊಳ್ಳಲು ಓಡಿದ ಅವರ ಮೂರು ವರ್ಷದ ಮಗ ಡ್ಯಾರನ್ ಓಟಗಾರರ ಕಾಲಿಗೆ ಸಿಗುವುದರಲ್ಲಿದ್ದ, ರನ್ ಪೂರೈಸಿದ ಜೆ. ಟಿ. ಸ್ನೋ ಅವನ ಜಾಕೆಟ್ ಹಿಡಿದು ಎತ್ತಿಕೊಂಡರು. ಆ ಹುಡುಗ 2024ರಲ್ಲಿ ವಾಷಿಂಗ್ಟನ್ ಪರ ಮೊದಲ ಸಲ ಮೈದಾನಕ್ಕಿಳಿದು, ಎದುರಿಸಿದ ಮೊದಲ ಎಸೆತಕ್ಕೇ ಹಿಟ್ ಹೊಡೆದ.