ತೀರ್ಪು ಓದಿದ ಸೋದರಮಾವ

ನಮಸ್ಕಾರ. ಇವತ್ತು ನಾನು ಮಾತಾಡೋದು ನಾರ್ಫೋಕ್‌ನ 3ನೇ ಡ್ಯೂಕ್ ಥಾಮಸ್ ಹಾವರ್ಡ್ ಬಗ್ಗೆ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ದರ್ಬಾರಿನಲ್ಲಿ ದಶಕಗಟ್ಟಲೆ ಉಳಿದ, 80 ದಾಟಿ ತನ್ನ ಮನೆಯಲ್ಲೇ ಕಣ್ಣು ಮುಚ್ಚಿದ ಮನುಷ್ಯ. ಆ ಕಾಲದಲ್ಲಿ ದೊಡ್ಡವರಿಗೆ ಅಂಥ ಸಾವು ಸುಲಭಕ್ಕೆ ಸಿಗ್ತಿರಲಿಲ್ಲ. ಅದಕ್ಕೇ ಇವನನ್ನ ಚಾಣಾಕ್ಷ, ಗಾಳಿ ಬಂದಾಗ ತೂರಿಕೊಂಡವನು ಅಂತ ಮೆಚ್ಚಿ ಹೇಳೋದು ರೂಢಿ. ನನಗೆ ಆ ಮೆಚ್ಚುಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳೋಕೆ ಅವನ ಹೆಂಡತಿಯಿಂದ ಶುರು ಮಾಡಬೇಕು.

ಎಲಿಜಬೆತ್ ಸ್ಟಾಫರ್ಡ್. ಬಕಿಂಗ್‌ಹ್ಯಾಮ್ ಡ್ಯೂಕ್‌ನ ಮಗಳು. ಬೇರೊಬ್ಬ ಹುಡುಗನಿಗೆ ಮಾತಾಗಿದ್ದವಳನ್ನ, ಹದಿಹರೆಯದಲ್ಲೇ, ತನಗಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ದೊಡ್ಡವನಾದ ಈ ಹಾವರ್ಡ್‌ಗೆ ಕೊಟ್ಟರು. ಮುಂದೆ ಇವನು ಬೆಸ್ ಹಾಲೆಂಡ್ ಎಂಬಾಕೆಯನ್ನ ಇಟ್ಟುಕೊಂಡ. ಹೆಂಡತಿ ಬಾಯಿ ಮುಚ್ಚಿಕೊಂಡಿರಲಿಲ್ಲ. ಇವನು ಅವಳನ್ನ ಹರ್ಟ್‌ಫರ್ಡ್‌ಷೈರ್‌ನ ರೆಡ್‌ಬೋರ್ನ್‌ಗೆ ಸಾಗಹಾಕಿದ. ಒಡವೆ, ಸೀರೆ-ಬಟ್ಟೆ ಅಂತೀವಲ್ಲ, ಹಾಗೆ ಅವಳ ಆಭರಣ, ಉಡುಪು ಎಲ್ಲ ಕಿತ್ತುಕೊಂಡ ಅಂತ ಅವಳು ಬರೀತಾಳೆ. ಮಂತ್ರಿ ಥಾಮಸ್ ಕ್ರಾಮ್‌ವೆಲ್‌ಗೆ ಅವಳು ಬರೆದ ಕಾಗದಗಳು ಇವತ್ತಿಗೂ ಇವೆ. ಮನೆಯ ಹೆಂಗಸರು ತನ್ನನ್ನ ಕಟ್ಟಿಹಾಕಿ, ರಕ್ತ ಬರೋ ತನಕ ಎದೆ ಮೇಲೆ ಕೂತಿದ್ದರು ಅಂತ ಅದರಲ್ಲಿದೆ. ಹೆರಿಗೆಯಾದ ಮಂಚದಿಂದ ಕೂದಲು ಹಿಡಿದು ಎಳೆದ, ತಲೆಗೆ ಗಾಯ ಮಾಡಿದ ಅಂತಲೂ ಇದೆ. ಅದೆಲ್ಲ ಸುಳ್ಳು ಅಂತ ಡ್ಯೂಕ್ ಉತ್ತರ ಕೊಟ್ಟ. ತವರಿಗೆ ಹೋಗೋಣ ಅಂದರೆ ಅಪ್ಪನ ತಲೆಯನ್ನ 1521ರಲ್ಲೇ ರಾಜ ತೆಗೆಸಿಬಿಟ್ಟಿದ್ದ. ಒಡಹುಟ್ಟಿದ ತಮ್ಮ ಮನೆಗೆ ಸೇರಿಸಿಕೊಳ್ಳಲು ಆಗೋದಿಲ್ಲ ಅಂದ. ಚರಿತ್ರೆ ಬರೆಯೋರು ಇದನ್ನ ಗಂಡ-ಹೆಂಡಿರ ಜಗಳ ಅಂತ ಒಂದು ಸಾಲಲ್ಲಿ ಮುಗಿಸಿ, 'ರಾಜಕೀಯ'ದ ಕಡೆ ತಿರುಗ್ತಾರೆ. ನನ್ನ ಪ್ರಕಾರ ಅವನ ರಾಜಕೀಯ ಇಲ್ಲೇ ಇದೆ.

ಅವನ ಭಯ ಎಲ್ಲಿಂದ ಬಂತು ಅನ್ನೋದನ್ನೂ ನ್ಯಾಯವಾಗಿ ಹೇಳಬೇಕು. 1485ರ ಬಾಸ್‌ವರ್ತ್ ಯುದ್ಧದಲ್ಲಿ ಅವನ ಅಜ್ಜ ಸೋತ ರಾಜ ಮೂರನೇ ರಿಚರ್ಡ್ ಪರ ಹೋರಾಡಿ ಸತ್ತ. ಅಪ್ಪ ಸೆರೆಯಾದ. ಪದವಿ, ಜಮೀನು ಎಲ್ಲ ಹೋಯಿತು. ಹುಡುಗನಿಗೆ ಆಗ 12ರ ಆಸುಪಾಸು. 1513ರಲ್ಲಿ ಅಪ್ಪ-ಮಗ ಸೇರಿ ಫ್ಲಾಡನ್‌ನಲ್ಲಿ ಸ್ಕಾಟ್‌ಲೆಂಡ್ ಸೇನೆಯನ್ನ ಸೋಲಿಸಿದ ಮೇಲೇ ಡ್ಯೂಕ್ ಪದವಿ ಮನೆಗೆ ವಾಪಸ್ ಬಂದದ್ದು. ರಾಜನ ಎದುರು ಪಕ್ಷದಲ್ಲಿ ಒಂದು ದಿನ ನಿಂತರೆ ಮನೆತನಕ್ಕೆ ಏನಾಗುತ್ತೆ ಅನ್ನೋದು ಅವನಿಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ಅರ್ಥವಾಗುತ್ತೆ. ಆದರೆ ಆ ಭಯಕ್ಕೆ ಅವನು ಯಾರನ್ನ ಬಲಿ ಕೊಟ್ಟ?

1536ರ ಮೇ 15. ಲಂಡನ್ ಟವರ್‌ನ ಸಭಾಂಗಣ. ವ್ಯಭಿಚಾರ, ರಾಜದ್ರೋಹದ ಆರೋಪ ಹೊತ್ತು ನಿಂತವಳು ಹೆನ್ರಿಯ ರಾಣಿ ಆನ್ ಬೊಲಿನ್, ಇವನ ತಂಗಿಯ ಮಗಳು. ನ್ಯಾಯಪೀಠದ ಮುಖ್ಯಸ್ಥ ಸೋದರಮಾವ. ನಮ್ಮಲ್ಲಿ ಸೋದರಮಾವ ಅಂದರೆ ಮದುವೆ ಮನೆಯಲ್ಲಿ ಹುಡುಗಿಯನ್ನ ಎತ್ತಿ ತರೋನು, ಕಷ್ಟ ಬಂದರೆ ಮೊದಲು ಬಾಗಿಲು ತೆರೆಯೋನು. ಅಲ್ಲಿನ ಸಂಬಂಧಗಳ ಲೆಕ್ಕ ಬೇರೆ ಅಂತ ಗೊತ್ತಿದೆ. ಆದರೂ ಆ ದೃಶ್ಯ ನೆನೆಸಿಕೊಂಡಾಗ ನನಗೆ ಈ ಪದ ಬಿಟ್ಟು ಬೇರೆ ಹೊಳೆಯೋದೇ ಇಲ್ಲ. ಅವನ ಕಾಲ ಬಳಿ ಮಗ ಹೆನ್ರಿ, ಸರ್ರಿಯ ಅರ್ಲ್, ಅಪ್ಪನ ಅಧಿಕಾರದ ದಂಡ ಹಿಡಿದು ಕೂತಿದ್ದ. ಸುಡಬೇಕು ಇಲ್ಲವೇ ತಲೆ ಕಡಿಯಬೇಕು, ರಾಜನ ಇಷ್ಟ ಹೇಗೋ ಹಾಗೆ ಅಂತ ಮಾವ ತೀರ್ಪು ಓದಿದ. ಓದುವಾಗ ಅವನ ಕಣ್ಣಲ್ಲಿ ನೀರು ಬಂತು ಅಂತ ದಾಖಲೆಯಿದೆ. ನಾನು ನಂಬ್ತೀನಿ. ಅತ್ತ, ಅಳುತ್ತಲೇ ಪೂರ್ತಿ ಓದಿದ.

ಅದೇ ವರ್ಷ ಉತ್ತರದ ಜನ ಮಠಗಳನ್ನ ಮುಚ್ಚೋದರ ವಿರುದ್ಧ ಎದ್ದರು. ಡಾನ್‌ಕಾಸ್ಟರ್‌ನಲ್ಲಿ ಇವನೇ ರಾಜನ ಹೆಸರಲ್ಲಿ ಕ್ಷಮೆಯ ಮಾತು ಕೊಟ್ಟು ಅವರನ್ನ ಮನೆಗೆ ಕಳಿಸಿದ. 1537ರ ಫೆಬ್ರವರಿಯಲ್ಲಿ ಕಾರ್ಲೈಲ್ ಕಡೆ ಮತ್ತೆ ಗಲಭೆಯಾದಾಗ ಸೇನಾ ಕಾನೂನು ಹಾಕಿ 74 ಜನರನ್ನ ಅವರವರ ಊರಲ್ಲೇ ನೇಣಿಗೇರಿಸಿದ. ಹೆಣಗಳನ್ನ ಇಳಿಸೋ ಹಾಗಿಲ್ಲ. ಆ ಊರುಗಳ ಹೆಂಡಂದಿರು, ತಾಯಂದಿರು ಕದ್ದು ಇಳಿಸಿ ಮಣ್ಣು ಮಾಡಿದರು. ರಾಜನಿಗೆ ಸಿಟ್ಟು ಬಂತು, ವಿಚಾರಣೆ ಆಗಲಿ ಅಂದ. ಹೆಣ ಹೂಳಿದ ಹೆಂಗಸರಿಂದ ಹೇಳಿಕೆ ತೆಗೆದುಕೊಳ್ಳೋ ಕೆಲಸವೂ ನಡೆಯಿತು. ಹೆನ್ರಿಯ ವಂಶ ಆಳಿದ ಇಡೀ ಟ್ಯೂಡರ್ ಕಾಲದಲ್ಲಿ ಧೈರ್ಯ ಅಂದರೆ ನನಗೆ ಮೊದಲು ನೆನಪಾಗೋದು ಕಾರ್ಲೈಲ್ ಸುತ್ತಿನ ಕಂಬರ್‌ಲೆಂಡಿನ ಆ ಹೆಂಗಸರು.

1540ರ ಜೂನ್ 10ಕ್ಕೆ ಕ್ರಾಮ್‌ವೆಲ್‌ನ ಸರದಿ. ಮಂತ್ರಿಮಂಡಲದ ಕೋಣೆಯಲ್ಲೇ ಬಂಧನ. ಸಂತ ಜಾರ್ಜ್‌ನ ಪದಕವನ್ನ ಅವನ ಕೊರಳಿಂದ ಕಿತ್ತೋನು ನಾರ್ಫೋಕ್ ಅಂತ ಫ್ರೆಂಚ್ ರಾಯಭಾರಿ ವರದಿ ಬರೆದ. ಕಮ್ಮಾರನ ಮಗ ತನ್ನ ಮೇಲೆ ಕೂತಿದ್ದ ಸಂಕಟ ಅಷ್ಟು ವರ್ಷದ್ದು. ಜುಲೈ 28ಕ್ಕೆ ಕ್ರಾಮ್‌ವೆಲ್ ತಲೆ ಹೋಯಿತು. ಅದೇ ದಿನ ರಾಜ ಕ್ಯಾಥರಿನ್ ಹಾವರ್ಡ್‌ಳನ್ನ ಮದುವೆಯಾದ. ಅವಳು ಇವನ ತಮ್ಮನ ಮಗಳು. ಅಂದರೆ ಇವನು ದೊಡ್ಡಪ್ಪ. ಒಂದೂವರೆ ವರ್ಷದಲ್ಲಿ ಅವಳೂ ಪರಪುರುಷರ ಸಂಬಂಧದ ಆರೋಪದಲ್ಲಿ ಸಿಕ್ಕಿಬಿದ್ದಳು. ದೊಡ್ಡಪ್ಪ ಊರಿಗೆ ಹೋಗಿ, ಆನ್, ಕ್ಯಾಥರಿನ್ ಇಬ್ಬರನ್ನೂ, ಸೆರೆಯಲ್ಲಿದ್ದ ತನ್ನ ಮಲತಾಯಿಯನ್ನೂ ಹಳಿದು ರಾಜನಿಗೆ ಪತ್ರ ಬರೆದ. 1542ರ ಫೆಬ್ರವರಿಯಲ್ಲಿ ಕ್ಯಾಥರಿನ್ ತಲೆ ಉರುಳಿತು.

ಮಗನ ವಿಷಯಕ್ಕೆ ಬರ್ತೀನಿ. ಸರ್ರಿ ಕವಿ. ಇಂಗ್ಲಿಷಿನಲ್ಲಿ ಪ್ರಾಸವಿಲ್ಲದ ಛಂದಸ್ಸನ್ನ ಮೊದಲು ಬಳಸಿದೋನು; ಮುಂದೆ ಅದೇ ಛಂದಸ್ಸು ನಮ್ಮ ಸರಳ ರಗಳೆಗೂ ದಾರಿ ತೋರಿಸಿತು. ದುಡುಕು ಸ್ವಭಾವದವನು. 1546ರ ಕೊನೆಗೆ ರಾಜ ಸಾಯೋ ಸ್ಥಿತಿ, ಯುವರಾಜನಿಗೆ 9 ವರ್ಷ, ಮಗುವಿನ ಹೆಸರಲ್ಲಿ ಆಳೋದು ಯಾರು ಅಂತ ಯುವರಾಜನ ತಾಯಿಯ ಕಡೆಯವರಾದ ಸೀಮೋರ್ ಕುಟುಂಬಕ್ಕೂ ಇವರಿಗೂ ಪೈಪೋಟಿ. ಸರ್ರಿ ತನ್ನ ಲಾಂಛನದಲ್ಲಿ ಹಳೆಯ ರಾಜ ಎಡ್ವರ್ಡ್ ದಿ ಕನ್ಫೆಸರ್‌ನ ಚಿಹ್ನೆ ಸೇರಿಸಿದ್ದು ಸಿಂಹಾಸನದ ಮೇಲೆ ಕಣ್ಣಿಟ್ಟ ಹಾಗೆ, ರಾಜದ್ರೋಹ ಅಂತಾಯಿತು. ಅಪ್ಪ-ಮಗ ಇಬ್ಬರೂ ಟವರ್ ಸೇರಿದರು. ಸಾಕ್ಷಿ ಹೇಳಿದವರಲ್ಲಿ ಹೆಂಡತಿ ಎಲಿಜಬೆತ್, ಮಗಳು ಮೇರಿ, ಬೆಸ್ ಹಾಲೆಂಡ್ ಮೂವರೂ ಇದ್ದರು.

1547ರ ಜನವರಿ 12ರಂದು ಡ್ಯೂಕ್ ಒಂದು ತಪ್ಪೊಪ್ಪಿಗೆಗೆ ಸಹಿ ಹಾಕಿದ. ಮಗ ಆ ಚಿಹ್ನೆ ಬಳಸಿದ್ದು ದ್ರೋಹ, ಗೊತ್ತಿದ್ದೂ ಮುಚ್ಚಿಟ್ಟೆ ಅಂತ. ಮಗನ ವಿಚಾರಣೆ ಇದ್ದದ್ದು ಮರುದಿನ. 13ಕ್ಕೆ ತೀರ್ಪು, 19ಕ್ಕೆ ಟವರ್ ಹಿಲ್‌ನಲ್ಲಿ ತಲೆ. ಸೆರೆಯಲ್ಲಿದ್ದ 70 ದಾಟಿದ ಮುದುಕ, ಒತ್ತಡ ಇದ್ದೇ ಇತ್ತು. ಆದರೆ ಸಹಿ ಅವನದೇ.

ಸಹಿಯಿಂದಲೂ ಅವನೇನು ಉಳಿಯಲಿಲ್ಲ. ಜನವರಿ 27ರಂದು ಅವನನ್ನ ದ್ರೋಹಿ ಎಂದು ಸಾರಿದ ಕಾಯಿದೆಗೂ ಒಪ್ಪಿಗೆ ಬಿತ್ತು. ಮರುದಿನ ನಸುಕಿಗೆ ರಾಜ ತೀರಿಕೊಂಡ. ಹೊಸ ಸರ್ಕಾರ ಕೊಲ್ಲಲಿಲ್ಲ, ಬಿಡಲೂ ಇಲ್ಲ. ಚಾಣಾಕ್ಷತನ ಅಂತಾರಲ್ಲ, ಅವನನ್ನ ಉಳಿಸಿದ್ದು ಕೆಲವು ಗಂಟೆಗಳ ಅದೃಷ್ಟ ಅಷ್ಟೇ. ಹಿಂದೊಮ್ಮೆ ಇವನು, ರಾಜನಿಗೆ ಮಣಿಯದೆ ತಲೆ ಕೊಟ್ಟ ಮಂತ್ರಿ ಥಾಮಸ್ ಮೋರ್‌ಗೆ, ರಾಜನ ಕೋಪ ಅಂದರೆ ಸಾವು ಅಂತ ಎಚ್ಚರಿಸಿದಾಗ ಮೋರ್ ಹೇಳಿದ್ದು ಅವನ ಅಳಿಯ ಬರೆದಿಟ್ಟಿದ್ದಾನೆ: ಹಾಗಾದರೆ ನಿಮಗೂ ನನಗೂ ಇರೋ ವ್ಯತ್ಯಾಸ, ನಾನು ಇವತ್ತು ಸಾಯ್ತೀನಿ, ನೀವು ನಾಳೆ.

1553ರಲ್ಲಿ ಹೆನ್ರಿಯ ಮಗಳು ಮೇರಿ ರಾಣಿಯಾಗಿ ಅವನನ್ನ ಬಿಡಿಸಿದಳು. ಬಿಡುಗಡೆಯಾದ ಅದೇ ತಿಂಗಳು ಮತ್ತೆ ನ್ಯಾಯಪೀಠದಲ್ಲಿ ಕೂತು, ಮೇರಿಗೆ ಪಟ್ಟ ತಪ್ಪಿಸಲು ಹೊರಟಿದ್ದ ಜಾನ್ ಡಡ್ಲಿಗೆ ಮರಣದಂಡನೆ ಓದಿದ. ಮೇರಿಯ ಪಟ್ಟಾಭಿಷೇಕದಲ್ಲಿ ಹೊಸ ರಾಣಿಯ ನಿಲುವಂಗಿಯ ಸೆರಗು ಹಿಡಿದು ನಡೆದವಳು ಎಲಿಜಬೆತ್, ರೆಡ್‌ಬೋರ್ನ್‌ನಿಂದ ಕಾಗದ ಬರೀತಿದ್ದವಳು. ಡ್ಯೂಕ್ 1554ರ ಆಗಸ್ಟ್ 25ರಂದು ಕೆನ್ನಿಂಗ್‌ಹಾಲ್‌ನಲ್ಲಿ ಸತ್ತ. ಫ್ರಾಮ್ಲಿಂಗ್‌ಹ್ಯಾಮ್ ಚರ್ಚಿನಲ್ಲಿ ಅವನ ಗೋರಿಯಿದೆ. ಅವಳು ಇನ್ನೂ ನಾಲ್ಕು ವರ್ಷ ಬದುಕಿದಳು. ಅವಳನ್ನ ಮಣ್ಣು ಮಾಡಿದ್ದು ಲ್ಯಾಂಬೆತ್‌ನಲ್ಲಿ.