ಗೋಡೆಯ ಪ್ಲಗ್‌ನಿಂದ ಅಂಗೈಗೆ: ನಿಂಟೆಂಡೊ ವೀ ಹ್ಯಾಂಡ್‌ಹೆಲ್ಡ್ ಆಗುವ ಬಗೆ

[ದೃಶ್ಯ: ಮೇಜಿನ ಮೇಲೆ ಬಿಳಿಯ ಕನ್ಸೋಲ್, ಅದರ ಪಕ್ಕದಲ್ಲಿ ಕತ್ತರಿಸಿದ ಪುಟ್ಟ ಬೋರ್ಡ್.]

ನಮಸ್ಕಾರ. ಈ ಬಿಳಿಯ ಪೆಟ್ಟಿಗೆ ನಿಂಟೆಂಡೊ ವೀ. 2006ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದು, ಮುಂದೆ ಜಗತ್ತಿನಾದ್ಯಂತ ಹತ್ತು ಕೋಟಿಗೂ ಹೆಚ್ಚು ಮಾರಾಟವಾದ ಗೇಮ್ ಕನ್ಸೋಲ್ ಇದು. ತೂಕ ಸುಮಾರು 1.2 ಕಿಲೋಗ್ರಾಂ. ಇದರ ಪಕ್ಕದಲ್ಲಿರುವ ತುಂಡು ಬೋರ್ಡ್ ಕೂಡ ವೀಯೇ. ಇದೇ ಬಗೆಯ ಪೆಟ್ಟಿಗೆಯೊಳಗಿನ ಮದರ್‌ಬೋರ್ಡ್‌ನಲ್ಲಿ ಮುಖ್ಯ ಚಿಪ್‌ಗಳಿರುವ ಭಾಗವನ್ನಷ್ಟೇ ಉಳಿಸಿಕೊಂಡು, ಮಿಕ್ಕಿದ್ದನ್ನು ಗರಗಸದಿಂದ ಕೊಯ್ದು ತೆಗೆಯಲಾಗಿದೆ. ಹಾಗಿದ್ದರೂ ಸರಿಯಾದ ವೋಲ್ಟೇಜ್ ಕೊಟ್ಟರೆ ಇದು ಗೇಮ್ ಓಡಿಸುತ್ತದೆ. ಇದಕ್ಕೆ ಪರದೆ, ಬಟನ್, ಬ್ಯಾಟರಿ ಸೇರಿಸಿ ಕೈಯಲ್ಲಿ ಹಿಡಿದು ಆಡುವಂತೆ ಮಾಡುವುದು ಹೇಗೆ ಎಂಬುದೇ ಇಂದಿನ ವಿಷಯ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಹಳೆಯ ಗೇಮ್‌ಗಳನ್ನು ಕೈಯಲ್ಲಿ ಹಿಡಿದು ಆಡಬೇಕೆಂಬುದಷ್ಟೇ ನಿಮ್ಮ ಆಸೆಯಾಗಿದ್ದರೆ, ಎಮ್ಯುಲೇಟರ್ ಹಾಕಿದ ಒಂದು ಫೋನ್ ಸಾಕು. ಹಣ ಉಳಿಸುವ ಉದ್ದೇಶದಿಂದ ಈ ಕೆಲಸಕ್ಕೆ ಇಳಿಯುವವರಿಗೆ ನಿರಾಶೆ ಖಂಡಿತ. ಎಮ್ಯುಲೇಟರ್ ಎಂದರೆ ಒಂದು ಯಂತ್ರ ಇನ್ನೊಂದು ಯಂತ್ರದ ವೇಷ ಹಾಕಿದಂತೆ. ಇಲ್ಲಿ ವೇಷವಿಲ್ಲ, ಮೂಲ ಚಿಪ್‌ಗಳೇ ಕೆಲಸ ಮಾಡುತ್ತವೆ. ಆ ವ್ಯತ್ಯಾಸ ಮುಖ್ಯವೆನಿಸುವವರಿಗಾಗಿ ಈ ವಿಡಿಯೋ.

ಈ ಆಸೆ ಹೊಸತೇನಲ್ಲ. ಕಂಪನಿಗಳೇ ಇದನ್ನು ಮಾಡಿ ನೋಡಿವೆ. ಸೆಗಾ ಕಂಪನಿ ತನ್ನ ಜೆನೆಸಿಸ್ ಕನ್ಸೋಲನ್ನು 1995ರಲ್ಲಿ ನೋಮ್ಯಾಡ್ ಎಂಬ ಹೆಸರಿನಲ್ಲಿ ಕೈಗೆ ತಂದಿತು. ಟಿ.ವಿ.ಗೆ ಹಾಕುತ್ತಿದ್ದ ಕಾರ್ಟ್ರಿಜ್, ಅಂದರೆ ನಾವು ಚಿಕ್ಕಂದಿನಲ್ಲಿ ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದ ವಸ್ತು, ಹಾಗೆಯೇ ಅದರಲ್ಲೂ ಕೂರುತ್ತಿತ್ತು. ಆದರೆ ಆರು ಪೆನ್ಸಿಲ್ ಸೆಲ್‌ಗಳನ್ನು ಅದು ಎರಡು ಮೂರು ಗಂಟೆಗಳಲ್ಲಿ ನುಂಗಿ ಹಾಕುತ್ತಿತ್ತು. ಕೈಯಿಂದ ಮಾಡುವವರ ಪೈಕಿ ಹೆಸರು ಮಾಡಿದವರು ಅಮೆರಿಕದ ಬೆನ್ ಹೆಕೆಂಡಾರ್ನ್. ಅವರು 2000ದಲ್ಲಿ ಅಟಾರಿ 2600 ಕನ್ಸೋಲನ್ನು ಕೈಗೆ ಹಿಡಿಸುವಂತೆ ಮಾಡಿ ತೋರಿಸಿದರು. 1977ರ ಆ ಯಂತ್ರದ ಮೆಮೊರಿ ಕೇವಲ 128 ಬೈಟ್. ಚಿಪ್‌ಗಳು ಕಡಿಮೆ, ಶಕ್ತಿಯ ಹಸಿವೂ ಕಡಿಮೆ. ವೀ ಹಾಗಲ್ಲ.

[ದೃಶ್ಯ: ಗೇಮ್‌ಕ್ಯೂಬ್ ಮತ್ತು ವೀ ಅಕ್ಕಪಕ್ಕದಲ್ಲಿ.]

ಹಾಗಾದರೆ ವೀಯನ್ನೇ ಏಕೆ ಆರಿಸಿಕೊಳ್ಳಬೇಕು? ಇದಕ್ಕೆ ಉತ್ತರ ಅದರ ವಂಶದಲ್ಲಿದೆ. ನಿಂಟೆಂಡೊ 2001ರಲ್ಲಿ ತಂದ ಗೇಮ್‌ಕ್ಯೂಬ್‌ನಲ್ಲಿ ಐಬಿಎಂ ತಯಾರಿಸಿದ ಗೆಕ್ಕೊ ಪ್ರೊಸೆಸರ್ 486 ಮೆಗಾಹರ್ಟ್ಸ್ ವೇಗದಲ್ಲೂ, ಫ್ಲಿಪ್ಪರ್ ಗ್ರಾಫಿಕ್ಸ್ ಚಿಪ್ 162 ಮೆಗಾಹರ್ಟ್ಸ್ ವೇಗದಲ್ಲೂ ಓಡುತ್ತಿದ್ದವು. ವೀಯ ಬ್ರಾಡ್‌ವೇ ಪ್ರೊಸೆಸರ್‌ನ ವೇಗ 729, ಹಾಲಿವುಡ್ ಗ್ರಾಫಿಕ್ಸ್ ಚಿಪ್‌ನ ವೇಗ 243. ಭಾಗಿಸಿ ನೋಡಿದರೆ ಎರಡರಲ್ಲೂ ಸರಿಯಾಗಿ ಒಂದೂವರೆ ಪಟ್ಟು. ಅಂದರೆ ವೀ ಎಂಬುದು ಗೇಮ್‌ಕ್ಯೂಬ್‌ನ ಮನೆಯನ್ನೇ ವಿಸ್ತರಿಸಿ ಕಟ್ಟಿದ ಮಹಡಿ. ಆದ್ದರಿಂದಲೇ ಅದು ಗೇಮ್‌ಕ್ಯೂಬ್‌ನ ಗೇಮ್‌ಗಳನ್ನು ಎಮ್ಯುಲೇಶನ್ ಇಲ್ಲದೆ ನೇರವಾಗಿ ನಡೆಸುತ್ತದೆ. ಅದರ ಮೇಲೆ ಯುಎಸ್‌ಬಿ ಪೋರ್ಟ್ ಬೇರೆ ಇದೆ. ಡಿಸ್ಕ್ ಡ್ರೈವನ್ನು ಪೂರ್ತಿ ಕೈಬಿಟ್ಟು ಹೆಬ್ಬೆರಳಿನ ಉಗುರಿನಷ್ಟು ಪೆನ್‌ಡ್ರೈವ್‌ನಿಂದ ಗೇಮ್ ಓಡಿಸಬಹುದೆಂದಾದರೆ, 12 ಸೆಂಟಿಮೀಟರ್ ಡಿಸ್ಕಿಗಾಗಿ ಕಟ್ಟಿದ ಆ ದೊಡ್ಡ ಪೆಟ್ಟಿಗೆಯ ಅಗತ್ಯವೇ ಇಲ್ಲ.

ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಮೊದಲ ಮಾದರಿಗಳಲ್ಲಿ ಗೇಮ್‌ಕ್ಯೂಬ್ ಕಂಟ್ರೋಲರ್‌ಗೆ ನಾಲ್ಕು ಕಿಂಡಿಗಳಿರುತ್ತವೆ. 2011ರಲ್ಲಿ ಬಂದ ಮಾದರಿಯಲ್ಲಿ ಅವನ್ನು ತೆಗೆದುಹಾಕಲಾಯಿತು. ನಮ್ಮ ಬಟನ್‌ಗಳನ್ನು ಈ ಕಿಂಡಿಗಳ ದಾರಿಯಲ್ಲೇ ಜೋಡಿಸುವುದರಿಂದ, ನಮಗೆ ಬೇಕಾದದ್ದು ಅವು ಇರುವ ಹಳೆಯ ಮಾದರಿ. ಅಮೆರಿಕದಲ್ಲಿರುವ ನೆಂಟರು ಊರಿಗೆ ಬರುವಾಗ ತಂದುಕೊಟ್ಟರೆ ಇನ್ನೂ ಒಂದು ವಿಷಯ ನೆನಪಿಡಬೇಕು: ಅಲ್ಲಿನ ಅಡಾಪ್ಟರ್ 120 ವೋಲ್ಟಿಗಷ್ಟೇ ತಯಾರಾದದ್ದು. ಇಲ್ಲಿನ 230 ವೋಲ್ಟಿನ ಪ್ಲಗ್ಗಿಗೆ ಅದನ್ನು ನೇರವಾಗಿ ಚುಚ್ಚಿದರೆ ಕೆಲಸ ಶುರುವಾಗುವ ಮೊದಲೇ ಹೊಗೆ ಕಾಣಿಸುತ್ತದೆ.

ಕತ್ತರಿಸುವ ಮೊದಲು ಕನ್ಸೋಲ್ ಇಡಿಯಾಗಿರುವಾಗಲೇ ತಂತ್ರಾಂಶದ ಕೆಲಸ ಮುಗಿದಿರಬೇಕು. ಯುಎಸ್‌ಬಿಯಿಂದ ಗೇಮ್ ಓಡಿಸುವ ಹೋಮ್‌ಬ್ರೂ, ಅಂದರೆ ಹವ್ಯಾಸಿಗಳೇ ಬರೆದ, ತಂತ್ರಾಂಶವನ್ನು ಹಾಕಿ, ನೀವು ಕೊಂಡ ಡಿಸ್ಕುಗಳ ಪ್ರತಿಯನ್ನು ಮಾಡಿಕೊಂಡು, ಬೂಟ್‌ಮೀ ಎಂಬ ಉಪಕರಣದಿಂದ ಕನ್ಸೋಲಿನ ತಂತ್ರಾಂಶವನ್ನು ಹಿಡಿದಿಡುವ 512 ಎಂ.ಬಿ. ನ್ಯಾಂಡ್ ಮೆಮೊರಿಯ ಬ್ಯಾಕಪ್ ತೆಗೆದಿಡಬೇಕು. ಈ ಬ್ಯಾಕಪ್ಪನ್ನು ಉದಾಸೀನ ಮಾಡಬೇಡಿ. ನ್ಯಾಂಡ್‌ನಲ್ಲಿರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿ ಹಾಲಿವುಡ್ ಚಿಪ್‌ನೊಳಗಿರುತ್ತದೆ, ಮತ್ತು ಒಂದೊಂದು ಕನ್ಸೋಲಿಗೂ ಒಂದೊಂದು ಕೀಲಿ. ಮತ್ತೊಬ್ಬರ ವೀಯಿಂದ ಪ್ರತಿ ತಂದು ತುಂಬಿದರೆ ನಿಮ್ಮ ಬೋರ್ಡ್ ಅದನ್ನು ಓದಲಾರದು. ವೀಯ ನಿಸ್ತಂತು ರಿಮೋಟಿಗಾಗಿ ಇರುವ ಬ್ಲೂಟೂತ್ ಮಾಡ್ಯೂಲಿನ ವಿಷಯದಲ್ಲೂ ಇದೇ ಹಂತದಲ್ಲಿ ತೀರ್ಮಾನಿಸಿಕೊಳ್ಳಬೇಕು. ಅದು ಕಾಣದಿದ್ದರೆ ಮೂಲ ತಂತ್ರಾಂಶ ಮುಂದುವರಿಯುವುದಿಲ್ಲವಾದ್ದರಿಂದ, ಒಂದೋ ಅದನ್ನು ತಂತಿಗಳ ಮೂಲಕ ಉಳಿಸಿಕೊಳ್ಳಬೇಕು, ಇಲ್ಲವೇ ತಂತ್ರಾಂಶವನ್ನು ತಿದ್ದಬೇಕು.

[ದೃಶ್ಯ: ಬೋರ್ಡ್ ಮೇಲೆ ಮಾರ್ಕರ್‌ನಿಂದ ಎಳೆದ ಗೆರೆ, ಹ್ಯಾಕ್ಸಾ ಬ್ಲೇಡ್.]

ಈಗ ಗರಗಸ. ಉಳಿಯಬೇಕಾದವು ಪ್ರೊಸೆಸರ್, ಗ್ರಾಫಿಕ್ಸ್ ಚಿಪ್, 64 ಎಂ.ಬಿ. ಮೆಮೊರಿ ಚಿಪ್, ನ್ಯಾಂಡ್, ವಿಡಿಯೋ ಸಂಕೇತ ಹೊರಡಿಸುವ ಚಿಪ್ ಮತ್ತು ಇವಕ್ಕೆ ತಾಳ ಹಾಕುವ ಕ್ಲಾಕ್ ಭಾಗ. ಬೋರ್ಡನ್ನು ತೀರ ಚಿಕ್ಕದಾಗಿ ಕತ್ತರಿಸುವವರು ಯು10 ಎಂಬ, ಅಕ್ಕಿಕಾಳಿನಂಥ ಚಿಪ್ಪೊಂದನ್ನು ಬಿಡಿಸಿ, ಒಳಗಡೆ ಬೇರೆ ಜಾಗದಲ್ಲಿ ಕೂರಿಸಿ, ಕೂದಲೆಳೆಯಂಥ ಎನಾಮಲ್ ತಂತಿಗಳಿಂದ ಬೆಸೆಯುತ್ತಾರೆ. ಅದು ಗೆರೆಯಾಚೆ ಹೋದರೆ ಬೋರ್ಡ್ ಏಳುವುದಿಲ್ಲ. ಇವುಗಳನ್ನೆಲ್ಲ ಗುರುತಿಸಿ ಗೆರೆ ಎಳೆದ ಮೇಲೂ ನೇರವಾಗಿ ಗೆರೆಯ ಮೇಲೆಯೇ ಕೊಯ್ಯಬಾರದು. ಎರಡು ಮಿಲಿಮೀಟರ್ ಹೊರಗೆ ಕೊಯ್ದು, ಮಿಕ್ಕಿದ್ದನ್ನು ಉಜ್ಜಿ ತೆಗೆಯುವುದು ಸರಿಯಾದ ಕ್ರಮ.

ಉಜ್ಜುವುದೇಕೆ ಎಂದರೆ, ಬೋರ್ಡ್ ಎಂಬುದು ಒಂದೇ ಹಲಗೆಯಲ್ಲ. ತಾಮ್ರದ ಹಾಳೆಗಳು ಪದರ ಪದರವಾಗಿ, ನಡುವೆ ಫೈಬರ್‌ಗ್ಲಾಸ್ ಇಟ್ಟು ಅಂಟಿಸಿದ ವಸ್ತು. ಗರಗಸದ ಹಲ್ಲು ಎಳೆದಾಗ ಒಂದು ಪದರದ ತಾಮ್ರ ಮಡಚಿಕೊಂಡು ಪಕ್ಕದ ಪದರಕ್ಕೆ ತಾಗುತ್ತದೆ, ಅಲ್ಲಿಗೆ ಶಾರ್ಟ್ ಆಯಿತು. ಆದ್ದರಿಂದ ಪೇಂಟ್ ಕೆಲಸದವರು ಬಳಸುವ ವಾಟರ್ ಪೇಪರನ್ನು ಒದ್ದೆ ಮಾಡಿ 220ನೇ ನಂಬರಿನ ಒರಟು ಪೇಪರಿನಿಂದ ಶುರುಮಾಡಿ 400, 800, 1000 ಎಂದು ನಯವಾಗಿಸುತ್ತಾ ಹೋಗಬೇಕು. ಅಂಚು ಕನ್ನಡಿಯಂತಾದಾಗ ಭೂತಗನ್ನಡಿಯಲ್ಲಿ ನೋಡಿದರೆ, ಫೈಬರ್‌ಗ್ಲಾಸಿನ ನಡುವೆ ತಾಮ್ರದ ಗೆರೆಗಳು ಒಂದಕ್ಕೊಂದು ತಾಗದೆ, ರೇಷ್ಮೆ ಸೀರೆಯ ಸಣ್ಣ ಜರಿಯಂಚಿನಂತೆ ಬೇರೆಬೇರೆಯಾಗಿ ಕಾಣುತ್ತವೆ. ನೀರು ಬಳಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಫೈಬರ್‌ಗ್ಲಾಸಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಧರಿಸಿ, ಪುಡಿಯನ್ನು ಗಾಳಿಗೆ ಏಳಗೊಡಬಾರದು.

ನನ್ನ ಮೊದಲ ಬೋರ್ಡ್ ಸತ್ತದ್ದು ಇದೇ ಹಂತದಲ್ಲಿ. 400ಕ್ಕೆ ಸಾಕೆಂದು ನಿಲ್ಲಿಸಿದ್ದೆ. ಮಲ್ಟಿಮೀಟರ್ ಹಿಡಿದು ನೋಡದೆ ಕರೆಂಟ್ ಕೊಟ್ಟೆ. ಅಂಚಿನಲ್ಲಿ ಸಾಸಿವೆಯಷ್ಟು ಕಪ್ಪು ಕಲೆಯೊಂದು ಉಳಿಯಿತು. ಅಂದಿನಿಂದ, ಕತ್ತರಿಸುವ ಮೊದಲೇ ಒಂದೊಂದು ವೋಲ್ಟೇಜ್ ಲೈನಿಗೂ ಗ್ರೌಂಡಿಗೂ (ಕರೆಂಟ್ ಮರಳುವ ದಾರಿ) ನಡುವಿನ ರೋಧವನ್ನು ಅಳೆದು ಬರೆದಿಟ್ಟುಕೊಂಡು, ಕತ್ತರಿಸಿದ ಮೇಲೆ ಮತ್ತೆ ಅಳೆದು ಹೋಲಿಸುತ್ತೇನೆ.

[ದೃಶ್ಯ: ಕಾಗದದ ಮೇಲೆ ನಾಲ್ಕು ವೋಲ್ಟೇಜ್‌ಗಳ ಚಿತ್ರ: 1.0, 1.15, 1.8, 3.3.]

ಕತ್ತರಿಸುವ ದೃಶ್ಯ ನೋಡಲು ರೋಮಾಂಚಕ, ಆದರೆ ಈ ಕೆಲಸದ ನಿಜವಾದ ಕಷ್ಟ ಇರುವುದು ವಿದ್ಯುತ್ತಿನಲ್ಲಿ. ಗೋಡೆಗೆ ಸಿಕ್ಕಿಸಿಕೊಂಡ ಕನ್ಸೋಲಿಗೆ ಲೆಕ್ಕ ಕೇಳುವವರಿಲ್ಲ. ವೀಯ ಅಡಾಪ್ಟರ್ 12 ವೋಲ್ಟ್, 3.7 ಆಂಪಿಯರ್, ಅಂದರೆ 44 ವಾಟ್ ಕೊಡಬಲ್ಲದು. ಮದರ್‌ಬೋರ್ಡ್ ಆ 12 ವೋಲ್ಟನ್ನು ಇಳಿಸಿ, ಚಿಪ್‌ಗಳಿಗೆ ಬೇಕಾದ 1.0, 1.15, 1.8, 3.3 ವೋಲ್ಟ್‌ಗಳನ್ನೂ ಯುಎಸ್‌ಬಿಗೆ ಬೇಕಾದ 5 ವೋಲ್ಟನ್ನೂ ಹಂಚುತ್ತದೆ. ಹಾಗೆ ಹಂಚುತ್ತಿದ್ದ ಭಾಗವನ್ನು ನಾವು ಗರಗಸದಿಂದ ಕೊಯ್ದು ಎಸೆದಿದ್ದೇವೆ. ಈಗ ಬ್ಯಾಟರಿಯಿಂದ ಈ ಐದೂ ವೋಲ್ಟೇಜ್‌ಗಳನ್ನು ವೋಲ್ಟೇಜ್ ಇಳಿಸುವ ಪುಟ್ಟ ಬಕ್ ಕನ್ವರ್ಟರ್‌ಗಳ ಮೂಲಕ ನಾವೇ ಮಾಡಿಕೊಡಬೇಕು.

ಇಲ್ಲಿ ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಕಾಲು ಮಿಲಿಮೀಟರ್ ದಪ್ಪದ, 10 ಸೆಂಟಿಮೀಟರ್ ಉದ್ದದ ತಾಮ್ರದ ತಂತಿಯ ರೋಧ ಸುಮಾರು 0.034 ಓಮ್. ಕೇಳಲು ಏನೂ ಅಲ್ಲ. ಅದರಲ್ಲಿ 3 ಆಂಪಿಯರ್ ಹರಿದರೆ ತಂತಿಯಲ್ಲೇ 0.1 ವೋಲ್ಟ್ ಕಳೆದುಹೋಗುತ್ತದೆ. 12 ವೋಲ್ಟಿನ ತಂತಿಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ 1 ವೋಲ್ಟಿನ ಲೈನಿನಲ್ಲಿ ಅದು ಹತ್ತನೇ ಒಂದು ಪಾಲು. ಚಿಪ್‌ಗೆ ತಲುಪುವುದು 0.9 ಮಾತ್ರ. ಮೆನು ಸುಮ್ಮನೆ ಕಾಣಿಸುತ್ತಿರುವಾಗ ಕರೆಂಟಿನ ಎಳೆತ ಕಡಿಮೆಯಿರುವುದರಿಂದ ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ. ಗೇಮ್ ಶುರುವಾಗಿ ಪರದೆ ತುಂಬ ಚಲನೆ ಬಂದ ಕ್ಷಣದಲ್ಲಿ ಎಳೆತ ಹೆಚ್ಚಿ, ವೋಲ್ಟೇಜ್ ಕುಸಿದು, ಚಿತ್ರ ಸ್ತಬ್ಧವಾಗುತ್ತದೆ. ಮಾಡಿದವರು ತಂತ್ರಾಂಶವನ್ನು ದೂರುತ್ತಾ ವಾರಗಟ್ಟಲೆ ಹುಡುಕುತ್ತಾರೆ. ತಪ್ಪು ಇರುವುದು ಆ ಒಂದು ಗೇಣಿಗಿಂತ ಚಿಕ್ಕ ತಂತಿಯಲ್ಲಿ. ಹಾಗಾಗಿ 1 ವೋಲ್ಟಿನ ಕನ್ವರ್ಟರನ್ನು ಬೋರ್ಡಿಗೆ ಅಂಟಿಕೊಂಡಂತೆಯೇ ಇಡಬೇಕು, ತಂತಿಯನ್ನು ದಪ್ಪಗೆ, ಗಿಡ್ಡಗೆ ಹಾಕಬೇಕು, ಮತ್ತು ಗ್ರೌಂಡಿನ ತಂತಿಗೂ ಇದೇ ಮರ್ಯಾದೆ ಕೊಡಬೇಕು.

ಬ್ಯಾಟರಿಗೆ ಸಾಮಾನ್ಯವಾಗಿ ಬಳಸುವುದು 18650 ಎಂಬ ಲಿಥಿಯಂ ಸೆಲ್. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ ಎಂಬುದೇ ಆ ಅಂಕಿಯ ಅರ್ಥ. 3.6 ವೋಲ್ಟಿನ, 3000 ಮಿಲಿಆಂಪಿಯರ್ ಅವರ್ ಸಾಮರ್ಥ್ಯದ ಎರಡು ಸೆಲ್‌ಗಳಲ್ಲಿ ಒಟ್ಟು 21.6 ವಾಟ್ ಅವರ್ ಶಕ್ತಿಯಿರುತ್ತದೆ. ಪರದೆಯೂ ಸೇರಿ ಯಂತ್ರ 10 ವಾಟ್ ಎಳೆಯುತ್ತದೆ, ಕನ್ವರ್ಟರ್‌ಗಳಲ್ಲಿ ಹತ್ತನೇ ಒಂದು ಪಾಲು ನಷ್ಟವಾಗುತ್ತದೆ ಎಂದಿಟ್ಟುಕೊಂಡರೆ, ಎರಡು ಗಂಟೆಗೂ ಸ್ವಲ್ಪ ಕಡಿಮೆ ಆಟ. ನಾಲ್ಕು ಸೆಲ್ ಹಾಕಿದರೆ ಸಮಯ ದುಪ್ಪಟ್ಟಾಗುತ್ತದೆ, ಕೈ ನೋವೂ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕುವಾಗ 9900 ಎಂದು ಅಚ್ಚು ಹಾಕಿದ 18650 ಸೆಲ್ ಕಂಡರೆ ಕೆಳಗಿಟ್ಟು ಮುಂದೆ ನಡೆಯಿರಿ. ಆ ಗಾತ್ರದಲ್ಲಿ ಅಷ್ಟು ಸಾಮರ್ಥ್ಯ ತುಂಬಿದ ಸೆಲ್ ಇಲ್ಲ. ತಕ್ಕಡಿಯಲ್ಲಿ ಇಟ್ಟು ನೋಡಿದರೂ ಗುಟ್ಟು ಬಯಲಾಗುತ್ತದೆ: ಒಳ್ಳೆಯ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ಅತಿಯಾದ ಚಾರ್ಜ್, ಶಾರ್ಟ್‌ಗಳನ್ನು ತಡೆಯುವ ಪ್ರೊಟೆಕ್ಷನ್ ಸರ್ಕ್ಯೂಟ್ ಇಲ್ಲದೆ ಲಿಥಿಯಂ ಸೆಲ್‌ಗಳನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಇಡುವುದಂತೂ ಕೂಡದು. ಇದರಲ್ಲಿ ರಾಜಿಯಿಲ್ಲ.

ಪರದೆಯ ಕೆಲಸ ಮೊದಲಿನಷ್ಟು ಕಷ್ಟವಲ್ಲ. ಇಪ್ಪತ್ತು ವರ್ಷಗಳ ಹಿಂದೆ ಅನೇಕರು ಸೋನಿಯ ಪಿಎಸ್ ಒನ್ ಕನ್ಸೋಲಿಗೆಂದು ಮಾರುತ್ತಿದ್ದ 5 ಇಂಚಿನ ಎಲ್‌ಸಿಡಿಯನ್ನು ಬಿಚ್ಚಿ ಬಳಸುತ್ತಿದ್ದರು. ಈಗ ಕಾರಿನ ರಿವರ್ಸ್ ಕ್ಯಾಮೆರಾಗೆಂದು ಮಾರುವ 5 ಇಂಚಿನ ಪರದೆಯೂ ಕಾಂಪೋಸಿಟ್, ಅಂದರೆ ಇಡೀ ಚಿತ್ರ ಒಂದೇ ತಂತಿಯಲ್ಲಿ ಬರುವ, ಸಂಕೇತವನ್ನು ತೆಗೆದುಕೊಳ್ಳುತ್ತದೆ. ಚಿತ್ರ ಮಾತ್ರ ಸ್ವಲ್ಪ ಮಸುಕು. ವೀ ಚಿತ್ರವನ್ನು ಮೂರು ತಂತಿಗಳಲ್ಲಿ ಬಿಡಿಸಿ ಕಳುಹಿಸುವ 480ಪಿ ಕಾಂಪೋನೆಂಟ್ ಸಂಕೇತವನ್ನೂ ಕೊಡುವುದರಿಂದ ಅದನ್ನು ಒಪ್ಪುವ ಪರದೆ ಸಿಕ್ಕರೆ ಅಕ್ಷರಗಳು ಸ್ಫುಟವಾಗಿ ಕಾಣುತ್ತವೆ. ಬಟನ್‌ಗಳಿಗೆ ಗೇಮ್‌ಕ್ಯೂಬ್ ಕಂಟ್ರೋಲರಿನ ಬೋರ್ಡನ್ನೇ ಕಿರಿದಾಗಿಸಿ ಬಳಸಬಹುದು. ಒತ್ತಿದ ಬಟನ್ನುಗಳ ಮಾಹಿತಿಯನ್ನೆಲ್ಲ ಅದು ಒಂದೇ ಡೇಟಾ ತಂತಿಯಲ್ಲಿ ಕಳುಹಿಸುವುದರಿಂದ ಬೆಸುಗೆಯ ಕೆಲಸ ಅಷ್ಟರ ಮಟ್ಟಿಗೆ ಹಗುರ.

[ದೃಶ್ಯ: 3ಡಿ ಪ್ರಿಂಟ್ ಮಾಡಿದ ಕವಚದ ಎರಡು ಹೋಳುಗಳು, ನಡುವೆ ಪುಟ್ಟ ಫ್ಯಾನ್.]

ಕವಚವನ್ನು ಹೆಚ್ಚಿನವರು 3ಡಿ ಪ್ರಿಂಟರ್‌ನಲ್ಲಿ ಮಾಡಿಕೊಳ್ಳುತ್ತಾರೆ. ಸುಲಭವಾಗಿ ಸಿಗುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಲು ತೊಡಗುತ್ತದೆ. ಗ್ರಾಫಿಕ್ಸ್ ಚಿಪ್‌ನ ಬಿಸಿ ಒಂದು ಕಡೆ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋದರೆ ಆಟ ಆಡದೆಯೂ ಕವಚ ಸೊಟ್ಟಗಾದೀತು. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಇದಕ್ಕಿಂತ ಹೆಚ್ಚು ಬಿಸಿ ತಡೆಯುತ್ತದೆ. ಎರಡೂ ಮುಖ್ಯ ಚಿಪ್‌ಗಳ ಮೇಲೆ ಥರ್ಮಲ್ ಪೇಸ್ಟ್ ಸವರಿ, ಬಿಸಿಯನ್ನು ಹೀರಿಕೊಳ್ಳುವ ತಾಮ್ರ ಅಥವಾ ಅಲ್ಯೂಮಿನಿಯಂ ಹೀಟ್‌ಸಿಂಕ್ ಕೂರಿಸಿ, ತೆಳ್ಳಗಿನ ಫ್ಯಾನಿನ ಗಾಳಿ ಒಂದು ಕಡೆಯಿಂದ ಒಳಬಂದು ಹೀಟ್‌ಸಿಂಕನ್ನು ದಾಟಿಯೇ ಹೊರಹೋಗುವಂತೆ ದಾರಿ ಬಿಡಬೇಕು. ತೂತು ಮಾಡಿದರಷ್ಟೇ ಸಾಲದು.

ಎಲ್ಲವನ್ನೂ ಕವಚದೊಳಗೆ ತುರುಕುವ ಮೊದಲು ಮೇಜಿನ ಮೇಲೆಯೇ ಹರಡಿಕೊಂಡು ಪರೀಕ್ಷೆ ಮಾಡಬೇಕು. ಬ್ಯಾಟರಿಯನ್ನು ಈಗಲೇ ಜೋಡಿಸದೆ, ಕರೆಂಟಿಗೆ ಮಿತಿ ಹಾಕಬಲ್ಲ ಬೆಂಚ್ ಪವರ್ ಸಪ್ಲೈಯಿಂದ ಮೊದಲು ಕನ್ವರ್ಟರ್‌ಗಳಿಗಷ್ಟೇ ವಿದ್ಯುತ್ ಕೊಟ್ಟು, ಐದೂ ವೋಲ್ಟೇಜ್ ಸರಿಯಿದೆಯೇ ಎಂದು ಅಳೆಯಬೇಕು. ಆಮೇಲೆ ಬೋರ್ಡ್ ಸೇರಿಸಿ ಸ್ವಿಚ್ ಒತ್ತಿ, ಪರದೆಯನ್ನಲ್ಲ, ಸಪ್ಲೈಯ ಅಂಕಿಯನ್ನು ನೋಡಬೇಕು. ಅಂಕಿ ಒಂದೇ ಏಟಿಗೆ ಮಿತಿಗೆ ಹೋಗಿ ನಿಂತರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆರಿಸಿ. ಸ್ವಲ್ಪ ಏರಿ, ತಡೆದು, ಮತ್ತೆ ಇನ್ನಷ್ಟು ಏರಿದರೆ ಚಿಪ್‌ಗಳು ಎಚ್ಚರವಾಗಿ ಕೆಲಸ ಶುರುಮಾಡಿವೆ ಎಂದು ಅರ್ಥ. ಈಗ ತಲೆಯೆತ್ತಿ ಪರದೆಯನ್ನು ನೋಡಬಹುದು.

[ದೃಶ್ಯ: ಸಪ್ಲೈಯ ಅಂಕಿ ಏರುತ್ತದೆ, ಕಪ್ಪು ಪರದೆಯಲ್ಲಿ ಮೆನು ಮೂಡುತ್ತದೆ.]