ನೀಸ್‌ನಲ್ಲಿ ಒಂದು ಕೋಣೆ ಹಿಡಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಗನೋ ಮಗಳೋ ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಕೆಲಸದಲ್ಲಿದ್ದಾರೆ. ‘ಬನ್ನಿ, ಒಂದು ತಿಂಗಳು ಇದ್ದು ಹೋಗಿ’ ಅಂತ ಕರೆದಿದ್ದಾರೆ. ಹೇಗೂ ಅಷ್ಟು ದೂರ ಹೋಗುತ್ತೇವೆ, ಒಂದು ವಾರ ಬಿಸಿಲಿರುವ ಕಡೆ, ಸಮುದ್ರವಿರುವ ಕಡೆ ಹೋಗಿ ಬರೋಣ ಅಂತ ನಿಮಗೂ ಆಸೆ. ಈಗ ರೇಡಿಯೋ ಹಚ್ಚಿಕೊಂಡು ಕೂತವರಲ್ಲಿ ಇಂಥವರು ಬೇಕಾದಷ್ಟು ಜನ ಇದ್ದೀರಿ. ಪ್ರವಾಸದ ಯೋಜನೆ ಹಾಕಿಸಿಕೊಳ್ಳಲು ನನ್ನ ಹತ್ತಿರ ಬರುವವರೂ ನಿಮ್ಮಂಥವರೇ. ಅವರು ಬಾಯಿ ಬಿಟ್ಟು ಕೇಳುವ ಜಾಗವೂ ಹೆಚ್ಚಾಗಿ ಒಂದೇ. ಫ್ರಾನ್ಸಿನ ದಕ್ಷಿಣ ಕರಾವಳಿ. ನೀಸ್, ಕಾನ್, ಆಂತೀಬ್, ಮಾಂತೋನ್, ನಡುವೆ ಮೊನಾಕೊ ಅನ್ನುವ ಪುಟ್ಟ ಬೇರೆ ದೇಶ. ಮೆಡಿಟರೇನಿಯನ್ ಸಮುದ್ರದ ದಂಡೆ.

ಹೋಗಿ, ಖಂಡಿತ ಹೋಗಿ. ಆದರೆ ನನ್ನದೊಂದು ಮಾತು ನಡೆಸಿಕೊಡಿ. ನೀಸ್‌ನಲ್ಲಿ ಒಂದು ಕೋಣೆ ಹಿಡಿಯಿರಿ. ವಾರ ಪೂರ್ತಿ ಅಲ್ಲೇ ಇರಿ. ಬೆಳಗ್ಗೆ ರೈಲು ಹತ್ತಿ ಬೇರೆ ಊರು ನೋಡಿ, ಸಂಜೆ ಅದೇ ಕೋಣೆಗೆ ವಾಪಸ್ ಬನ್ನಿ. ಇವತ್ತು ನಾನು ಇಲ್ಲಿಗೆ ಬಂದಿರುವುದೇ ಈ ಮಾತು ಹೇಳುವುದಕ್ಕೆ.

ಯಾಕೆ ಅಂತ ಹೇಳುತ್ತೇನೆ. ಆಲ್ಪ್ಸ್ ಬೆಟ್ಟಸಾಲು ಅಲ್ಲಿ ಸಮುದ್ರದ ತನಕ ಇಳಿದು ಬಂದಿದೆ. ಬೆಟ್ಟಕ್ಕೂ ನೀರಿಗೂ ನಡುವೆ ಉಳಿದಿರುವುದು ಒಂದು ಸಣ್ಣ ಪಟ್ಟಿ. ಊರುಗಳೆಲ್ಲ ಆ ಪಟ್ಟಿಯಲ್ಲೇ ಸಾಲಾಗಿ ಕೂತಿವೆ. ಹಾಗಾಗಿ ಒಂದೇ ರೈಲು ಹಳಿ ಎಲ್ಲ ಊರುಗಳನ್ನೂ ಮುಟ್ಟುತ್ತದೆ. ಈ ರೈಲು 1864ರಲ್ಲಿ ನೀಸ್‌ಗೆ ಬಂತು, 1868ರಲ್ಲಿ ಮೊನಾಕೊಗೆ ಹೋಯಿತು. ಈಗ ನೀಸ್‌ನಲ್ಲಿ ಹತ್ತಿದರೆ ವಿಲ್‌ಫ್ರಾಂಶ್‌ಗೆ ಸುಮಾರು 7 ನಿಮಿಷ. ಮೊನಾಕೊಗೆ 25 ನಿಮಿಷದೊಳಗೆ. ನಿಂಬೆಹಣ್ಣಿಗೆ ಹೆಸರಾದ ಮಾಂತೋನ್‌ಗೆ 40 ನಿಮಿಷದೊಳಗೆ. ಆ ಕಡೆ ಆಂತೀಬ್‌ಗೆ, ಕಾನ್‌ಗೆ ಹೋಗುವುದೂ ಇಷ್ಟೇ ಹೊತ್ತಿನ ಕೆಲಸ. ಬೆಂಗಳೂರಿನಲ್ಲಿ ಜಯನಗರದಿಂದ ವೈಟ್‌ಫೀಲ್ಡ್‌ಗೆ ಹೋಗುವಷ್ಟು ಹೊತ್ತು ಕೂತರೆ ನೀವು ಗಡಿ ದಾಟಿ ಇಟಲಿಯ ವೆಂತಿಮಿಲ್ಯಾದಲ್ಲಿ ಇಳಿದಿರುತ್ತೀರಿ! ಪೂರ್ವಕ್ಕೆ, ಅಂದರೆ ಮೊನಾಕೊ ಕಡೆಗೆ ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆಗೇ ಇರುತ್ತದೆ. ಸುರಂಗದ ಕತ್ತಲೆಯಿಂದ ರೈಲು ಹೊರಗೆ ಬಂದ ಕೂಡಲೇ ವಿಲ್‌ಫ್ರಾಂಶ್ ಕೊಲ್ಲಿಯ ನೀಲಿ ಕಣ್ಣಿಗೆ ಬೀಳುತ್ತದೆ. ಅದನ್ನು ನೋಡಲು ಸ್ಟೇಷನ್ನಿನಿಂದ ಆಚೆ ಹೋಗುವುದೂ ಬೇಡ.

ಇಷ್ಟು ಅನುಕೂಲ ಇರುವಾಗ ಪ್ರತಿ ಊರಲ್ಲೂ ಒಂದೊಂದು ಹೋಟೆಲ್ ಯಾಕೆ ಬೇಕು? ಆದರೂ ಜನ ಕೇಳುವುದಿಲ್ಲ.

ಮೈಸೂರಿನ ಒಬ್ಬ ದಂಪತಿಯ ಕಥೆ ಹೇಳುತ್ತೇನೆ. ಅದನ್ನು ಹೇಳದೆ ನನಗೆ ಸಮಾಧಾನವಾಗುವುದಿಲ್ಲ. ಯಜಮಾನರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಲೆಕ್ಕದಲ್ಲಿ ಪಕ್ಕಾ. ಬರುವಾಗಲೇ ಸ್ಕೇಲು ಹಿಡಿದು ಗೆರೆ ಎಳೆದ ಒಂದು ಚಾರ್ಟ್ ತಂದಿದ್ದರು. ಕಾನ್ ಒಂದು ರಾತ್ರಿ, ಆಂತೀಬ್ ಒಂದು ರಾತ್ರಿ, ನೀಸ್ ಎರಡು, ಮೊನಾಕೊ ಒಂದು, ಮಾಂತೋನ್ ಒಂದು. ಆರು ರಾತ್ರಿ, ಐದು ಹೋಟೆಲ್. ನಾನು ಹೇಳಿದೆ, ‘ಸಾರ್, ನೀಸ್‌ನಲ್ಲೇ ಆರು ರಾತ್ರಿ ಇರಿ’ ಅಂತ. ಅವರಿಗೆ ಬೇಜಾರಾಯಿತು. ‘ಅಷ್ಟು ದುಡ್ಡು ಹಾಕಿ ಹೋಗಿ ಒಂದೇ ಊರಲ್ಲಿ ಕೂರೋದಾ ಮೇಡಂ?’ ಅಂದರು. ಸರಿ, ಅವರ ಚಾರ್ಟ್ ಪ್ರಕಾರವೇ ಬುಕ್ ಆಯಿತು.

ಏನಾಯಿತು ಗೊತ್ತಾ? ಬೆಳಗ್ಗೆ 11ಕ್ಕೆ ಒಂದು ಹೋಟೆಲ್ ಖಾಲಿ ಮಾಡಬೇಕು. ಮುಂದಿನ ಹೋಟೆಲ್‌ನಲ್ಲಿ ಕೋಣೆ ಸಿಗುವುದು ಮಧ್ಯಾಹ್ನ 3ಕ್ಕೆ. ನಡುವಿನ ನಾಲ್ಕು ಗಂಟೆ, ದಿನದಲ್ಲೇ ಅತಿ ಚೆಂದದ ಹೊತ್ತು, ಇಬ್ಬರೂ ಸೂಟ್‌ಕೇಸ್ ಕಾಯುತ್ತಾ ಕೂತರು. ಒಬ್ಬರು ಬೆಂಚಿನ ಮೇಲೆ ಕೂತರೆ ಇನ್ನೊಬ್ಬರು ಹೋಗಿ ಸಮುದ್ರ ನೋಡಿಕೊಂಡು ಬರುವುದು. ಆಮೇಲೆ ಪಾಳಿ ಬದಲು. ಮಾಂತೋನ್‌ನಲ್ಲಂತೂ ಕೋಣೆ ಇದ್ದದ್ದು ಹಳೇ ಊರಿನ ಮೇಲ್ಗಡೆ. ಅಲ್ಲಿ ರಸ್ತೆ ಅಂದರೆ ಮೆಟ್ಟಿಲು. ಸೂಟ್‌ಕೇಸಿನ ಒಂದು ಚಕ್ರ ಕಿತ್ತುಹೋಯಿತು. ಆಕೆಗೆ ಮೊಣಕಾಲು ನೋವು ಬೇರೆ. ವಾಪಸ್ ಬಂದ ಮೇಲೆ ಐದು ಊರು ನೋಡಿದೆವು ಅಂತ ಯಜಮಾನರು ಹೇಳಿದರು. ಆಕೆ ಮಾತ್ರ, ಐದು ಹೋಟೆಲಿನ ಲಿಫ್ಟು ನೋಡಿದೆವು ಅಂದರು.

ಮಾರನೇ ವರ್ಷ ಮಗಳ ಮನೆಗೆ ಮತ್ತೆ ಹೊರಟರು. ಈ ಸಲ ಯೋಜನೆ ಆಕೆಯದು. ನೀಸ್‌ನ ಹಳೇ ಪೇಟೆಯ ಹತ್ತಿರ, ಪುಟ್ಟ ಅಡುಗೆಮನೆ ಇರುವ ಒಂದು ಕೋಣೆ. ಪೂರ್ತಿ ವಾರಕ್ಕೆ. ಅಲ್ಲಿ ಕೂರ್ ಸಲೇಯಾ ಅಂತ ಹೂವಿನ, ತರಕಾರಿಯ ಸಂತೆ ನಡೆಯುತ್ತದೆ. ಸೋಮವಾರ ಮಾತ್ರ ಹಳೇ ಸಾಮಾನಿನ ಸಂತೆ, ಉಳಿದ ದಿನ ಬೆಳಗ್ಗೆ ತರಕಾರಿ. ಆಕೆ ದಿನಾ ಬೆಳಗ್ಗೆ ಚೀಲ ಹಿಡಿದು ಹೊರಟರು. ಸಂತೆಯಲ್ಲಿ ಕಂಡದ್ದು ಏನು? ಎಳೇ ಸೋರೆಕಾಯಿಯಂಥ ಜುಕೀನಿ, ಅದರ ತುದಿಗೆ ಅಂಟಿಕೊಂಡೇ ಇರುವ ಹಳದಿ ಹೂವು. ಅಲ್ಲಿನವರು ಆ ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ನಮ್ಮ ಕುಂಬಳ ಹೂವಿನ ಬಜ್ಜಿ ಇದೆಯಲ್ಲ, ಥೇಟ್ ಅದೇ. ಅಲ್ಲಿನ ಅಂಗಡಿಗಳಲ್ಲಿ ಕಡಲೆಹಿಟ್ಟೂ ಸಿಗುತ್ತದೆ. ಯಾಕೆಂದರೆ ನೀಸ್‌ನವರ ಮೆಚ್ಚಿನ ತಿಂಡಿ ಸೊಕ್ಕಾ ಆಗುವುದೇ ಕಡಲೆಹಿಟ್ಟಿನಿಂದ.

ಸೊಕ್ಕಾ ಬಗ್ಗೆ ಹೇಳಲೇಬೇಕು. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ಅಷ್ಟೇ. ತೆಳ್ಳಗೆ ಕಲಸಿ, ಕೈಚಾಚುವಷ್ಟು ಅಗಲದ ತಾಮ್ರದ ತಟ್ಟೆಯಲ್ಲಿ ಹುಯ್ದು, ಕಟ್ಟಿಗೆಯ ಒಲೆಯೊಳಗೆ ತಳ್ಳುತ್ತಾರೆ. ಮೇಲೆ ಅಲ್ಲಲ್ಲಿ ಕಪ್ಪಗೆ ಗುಳ್ಳೆ ಏಳುತ್ತದೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಸೌಟಿನಿಂದ ಕೆರೆದು ತುಂಡು ತುಂಡಾಗಿ ತಟ್ಟೆಗೆ ಹಾಕಿ ಕಾಳುಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಕೈಯಲ್ಲೇ ತಿನ್ನುವುದು. ಆಕೆ ಒಲೆಯ ಮುಂದೆ ನಿಂತು ಪೂರ್ತಿ ನೋಡಿ, ಇದಕ್ಕೆ ಒಂದು ಹಸಿಮೆಣಸಿನಕಾಯಿ ಬಿದ್ದಿದ್ದರೆ ನಮ್ಮದೇ ಆಗುತ್ತಿತ್ತು ಅಂದರಂತೆ. ಮಾರನೇ ದಿನ ಕೋಣೆಯಲ್ಲಿ ಹೂವಿನ ಬಜ್ಜಿ ಮಾಡಿದರು. ಎರಡು ಮೂರು ದಿನದೊಳಗೆ ಸಂತೆಯ ತರಕಾರಿಯಾಕೆಗೆ ಇವರ ಮುಖ ಪರಿಚಯವಾಗಿ, ಇವರಿಗಾಗಿ ಹೂವು ತೆಗೆದಿಡಲು ಶುರು ಮಾಡಿದಳು. ಭಾಷೆ ಗೊತ್ತಿಲ್ಲ, ಬೆರಳಲ್ಲೇ ವ್ಯಾಪಾರ! ಯಜಮಾನರು ಉಳಿದ ನಾಲ್ಕೂ ಊರುಗಳಿಗೆ ರೈಲಿನಲ್ಲಿ ಆರಾಮಾಗಿ ಹೋಗಿ ಬಂದರು. ಕೈಯಲ್ಲಿ ಇದ್ದದ್ದು ಒಂದು ನೀರಿನ ಬಾಟಲಿ ಮಾತ್ರ.

ಪ್ರತಿ ರಾತ್ರಿ ಊರು ಬದಲಿಸುವವರಿಗೆ ಈ ಪರಿಚಯ ಸಿಗುತ್ತದಾ? ಅದಕ್ಕೇ ಹೇಳುತ್ತಿರುವುದು, ಒಂದೇ ಕೋಣೆ ಹಿಡಿಯಿರಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಹೆಸರು ಸಲಾಡ್ ಅಂತ ಇದ್ದ ಮಾತ್ರಕ್ಕೆ ನಂಬಬೇಡಿ. ಸಲಾಡ್ ನಿಸ್ವಾಸ್‌ನಲ್ಲಿ ಮೀನು, ಮೊಟ್ಟೆ ಇರುತ್ತದೆ. ಈರುಳ್ಳಿ ಹಾಕಿ ಬೇಯಿಸುವ ಪಿಸ್ಸಲಾದಿಯೇರ್ ಮೇಲೂ ಸಣ್ಣ ಮೀನು ಇರುತ್ತದೆ. ಸೊಕ್ಕಾ ತಿನ್ನಿ, ರಾಟಟೂಯಿ ತಿನ್ನಿ. ಬದನೆಕಾಯಿ, ಟೊಮೆಟೊ, ದೊಣ್ಣೆಮೆಣಸಿನಕಾಯಿ ಹಾಕಿ ಬೇಯಿಸುವ ರಾಟಟೂಯಿ ನೀಸ್‌ನದೇ ಅಡುಗೆ.

ಸಮಯ ಓಡುತ್ತಿದೆ, ಯಾವಾಗ ಹೋಗಬೇಕು ಅನ್ನುವುದಕ್ಕೆ ಬರುತ್ತೇನೆ. ಜುಲೈ, ಆಗಸ್ಟ್ ಬೇಡ. ಫ್ರಾನ್ಸಿಗೆ ಫ್ರಾನ್ಸೇ ಆಗ ರಜೆ ಹಾಕಿ ಸಮುದ್ರಕ್ಕೆ ಬಂದಿರುತ್ತದೆ. ಬಾಡಿಗೆ ಜಾಸ್ತಿ, ಬಿಸಿಲು ಜಾಸ್ತಿ, ರೈಲಿನಲ್ಲಿ ನಿಲ್ಲಲೂ ಜಾಗ ಇಲ್ಲ. ಮೊದಲು ಹೀಗಿರಲಿಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನ, ರಷ್ಯಾದ ಶ್ರೀಮಂತರು ಈ ದಂಡೆಗೆ ಬರುತ್ತಿದ್ದದ್ದು ತಮ್ಮ ಊರಿನ ಚಳಿ ತಪ್ಪಿಸಿಕೊಳ್ಳಲು. ಆಲ್ಪ್ಸ್ ಬೆಟ್ಟ ಉತ್ತರದ ತಣ್ಣನೆ ಗಾಳಿಯನ್ನು ತಡೆಯುತ್ತದೆ, ಹಾಗಾಗಿ ಜನವರಿಯಲ್ಲೂ ಹಿತವಾದ ಬಿಸಿಲು. ವಿಕ್ಟೋರಿಯಾ ರಾಣಿ 1897ರಲ್ಲಿ ನೀಸ್‌ನ ಸಿಮಿಯೇ ಗುಡ್ಡದಲ್ಲಿ ಬಂದು ಉಳಿದದ್ದು ವಸಂತದಲ್ಲಿ. ಬೇಸಿಗೆ ಬಂತೆಂದರೆ ದೊಡ್ಡ ಹೋಟೆಲ್‌ಗಳು ಬಾಗಿಲು ಹಾಕುತ್ತಿದ್ದವು. 1920ರ ದಶಕದಿಂದ ಈಚೆಗಷ್ಟೇ ಬೇಸಿಗೆಯ ಹುಚ್ಚು ಹಿಡಿದದ್ದು. 1936ರಲ್ಲಿ ಫ್ರಾನ್ಸಿನ ಕೆಲಸಗಾರರಿಗೆಲ್ಲ ಸಂಬಳದ ಜೊತೆ ರಜೆ ಕೊಡುವ ಕಾನೂನು ಬಂದ ಮೇಲೆ ಜನ ಇನ್ನೂ ಹೆಚ್ಚಾದರು.

ನಮ್ಮವರಿಗೆ ಸೆಪ್ಟೆಂಬರ್ ಅತ್ಯುತ್ತಮ. ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ, ಜನ ವಾಪಸ್ ಹೋಗಿರುತ್ತಾರೆ. ಮಕ್ಕಳ ರಜೆ ನೋಡಿಕೊಂಡು ಹೋಗುವವರು ಏಪ್ರಿಲ್ ಇಟ್ಟುಕೊಳ್ಳಿ, ಆದರೆ ಆಗ ನೀರು ತಣ್ಣಗಿರುತ್ತದೆ. ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವ, ಜೂನ್ ಶುರುವಿನಲ್ಲಿ ಮೊನಾಕೊದ ಕಾರ್ ರೇಸ್. ಆ ವಾರಗಳನ್ನು ಬಿಟ್ಟುಬಿಡಿ. ಇನ್ನೊಂದು ವಿಷಯ. ಅಲ್ಲಿನ ಮಳೆಗಾಲ ನಮ್ಮದಕ್ಕೆ ಉಲ್ಟಾ. ಬೇಸಿಗೆ ಒಣಗಿರುತ್ತದೆ, ಜೋರು ಮಳೆ ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ. 2015ರ ಅಕ್ಟೋಬರ್‌ನಲ್ಲಿ ಒಂದೇ ಸಂಜೆಯ ಮಳೆಗೆ ಕಾನ್, ಆಂತೀಬ್ ಕಡೆ ದೊಡ್ಡ ಪ್ರವಾಹವೇ ಆಗಿತ್ತು. ದಸರಾ ರಜೆಗೆ ಹೋಗುವವರು ಅದನ್ನು ನೆನಪಿಡಿ.

ನೀಸ್‌ನ ದಂಡೆಯಲ್ಲಿ ಮರಳಿಲ್ಲ, ಬರೀ ನುಣುಪು ಬೆಣಚುಕಲ್ಲು. ಮಲ್ಪೆಯ ಹಾಗೆ ಬರಿಗಾಲಲ್ಲಿ ಓಡಾಡಲು ಆಗುವುದಿಲ್ಲ. ನೀರಿಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿ ಇಟ್ಟುಕೊಳ್ಳಿ. ದಂಡೆಯಿಂದ ನಾಲ್ಕು ಹೆಜ್ಜೆಗೇ ಆಳ ಸಿಗುತ್ತದೆ, ಈಜು ಬಾರದವರು ಅಂಚಿನಲ್ಲೇ ಇರಿ. ಮಕ್ಕಳಿಗೆ ಮರಳು ಬೇಕೇ ಬೇಕು ಅಂದರೆ ಆಂತೀಬ್‌ಗೆ ರೈಲು ಹತ್ತಿ. ಹಣ ಕೊಟ್ಟು ಕುರ್ಚಿ ಬಾಡಿಗೆಗೆ ಪಡೆಯುವ ಜಾಗಗಳಿವೆ. ಪಕ್ಕದಲ್ಲೇ ಪುಕ್ಕಟೆ ದಂಡೆಯೂ ಇದೆ, ಸಮುದ್ರ ಎರಡೂ ಕಡೆ ಒಂದೇ.

ಪುಕ್ಕಟೆ ಅಂದಾಗ ನೆನಪಾಯಿತು. ಕಾಪ್ ಫೆರಾ ಅಂತ ಸಮುದ್ರದೊಳಕ್ಕೆ ಚಾಚಿಕೊಂಡ ನೆಲದಲ್ಲಿ ಲೋಕದ ಅತಿ ಸಿರಿವಂತರ ಬಂಗಲೆಗಳಿವೆ. ಆದರೆ ನೀರಿನ ಅಂಚಿನಲ್ಲಿ ಎಲ್ಲರೂ ನಡೆಯುವ ಕಾಲುದಾರಿ ಇದೆ. ಫ್ರಾನ್ಸ್ 1976ರಲ್ಲಿ ಕಾನೂನು ಮಾಡಿ, ಕಡಲಂಚಿನ ಖಾಸಗಿ ಜಮೀನಿನಲ್ಲೂ 3 ಮೀಟರ್ ಅಗಲದ ದಾರಿ ಜನರಿಗೆ ಬಿಡಬೇಕು ಅಂತ ಹೇಳಿತು. ಎಂಥ ಒಳ್ಳೆಯ ಕಾನೂನು! ಅರ್ಧ ದಿನ ಅಲ್ಲಿ ನಡೆಯಿರಿ. ಮಾತಿಸ್, ಶಾಗಾಲ್ ಅವರ ಚಿತ್ರಗಳ ಮ್ಯೂಸಿಯಂ ನೀಸ್‌ನಲ್ಲೇ ಇವೆ, ಬಿಸಿಲು ಜೋರಾದ ಹೊತ್ತಿಗೆ ಇಟ್ಟುಕೊಳ್ಳಿ. ಏಝ್ ಅನ್ನುವ ಬೆಟ್ಟದ ಊರಿಗೆ ಮಾತ್ರ ರೈಲಿನಲ್ಲಿ ಹೋಗಬೇಡಿ. ಸ್ಟೇಷನ್ ಇರುವುದು ಸಮುದ್ರದ ಮಟ್ಟದಲ್ಲಿ, ಊರು 400 ಮೀಟರ್‌ಗೂ ಮೇಲೆ. ನೀಸ್‌ನಿಂದ ಬಸ್ ಇದೆ.

ಕೊನೆಗೆ ವೀಸಾ. ಇಲ್ಲೂ ನನ್ನ ಒಂದೇ ಕೋಣೆಯ ಮಾತು ಉಪಯೋಗಕ್ಕೆ ಬರುತ್ತದೆ. ಯುರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರತಿ ರಾತ್ರಿ ಎಲ್ಲಿ ಉಳಿಯುತ್ತೀರಿ ಅನ್ನುವುದಕ್ಕೆ ಕಾಗದ ತೋರಿಸಬೇಕು. ಐದು ಹೋಟೆಲ್ ಇದ್ದರೆ ಐದು ಕಾಗದ, ಒಂದಿದ್ದರೆ ಒಂದೇ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಮಗಳ ಮನೆಯಲ್ಲಿ ಮೂರು ವಾರ, ನೀಸ್‌ನಲ್ಲಿ ಒಂದು ವಾರ ಅಂದರೆ ಅರ್ಜಿ ಮಗಳಿರುವ ದೇಶಕ್ಕೆ. ಕನಿಷ್ಠ 30,000 ಯೂರೋದ ಪ್ರವಾಸ ವಿಮೆ ಕಡ್ಡಾಯ. ಮೊನಾಕೊಗೆ, ವೆಂತಿಮಿಲ್ಯಾಗೆ ಬೇರೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಜೊತೆಗಿರಲಿ. ಅರ್ಜಿಯನ್ನು ಹೊರಡುವ ಆರು ತಿಂಗಳು ಮೊದಲೇ ಹಾಕಬಹುದು. ಸೆಪ್ಟೆಂಬರ್‌ಗೆ ಹೋಗುವವರು ಏಪ್ರಿಲ್‌ನಲ್ಲೇ ಶುರು ಮಾಡಿ, ಕೋಣೆಯನ್ನೂ ಆಗಲೇ ಹಿಡಿಯಿರಿ. ಹಳೇ ಪೇಟೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇರುವುದಿಲ್ಲ. ಬುಕ್ ಮಾಡುವ ಮೊದಲು ಅದೊಂದನ್ನು ಕೇಳಿಬಿಡಿ. ನಮಸ್ಕಾರ.